ಕಲಿಯುವವರ ಕುರ್ಚಿ

ಮನಸ್ಸಿಗೆ ಚಿಕಿತ್ಸೆ ಮಾಡುವ ವಿದ್ಯೆಯನ್ನು ಕಲಿಯುವುದು ಬೇರೆ ವಿದ್ಯೆಗಳನ್ನು ಕಲಿತಂತಲ್ಲ. ಬಡಗಿಯ ಬಳಿ ಕೆಲಸಕ್ಕೆ ಸೇರಿದ ಹುಡುಗನಿಗೆ ಉಳಿ ಹಿಡಿಯುವ ಕೈ ಪಳಗಿದರೆ ಸಾಕು. ಅವನ ಕನಸುಗಳನ್ನು ಯಾರೂ ಕೇಳುವುದಿಲ್ಲ. ಮನೋವಿಶ್ಲೇಷಣೆಯನ್ನು ಕಲಿಯಲು ಹೋದವರಾದರೋ ಮೊದಲು ತಾವೇ ರೋಗಿಯಂತೆ ಮಂಚದ ಮೇಲೆ ಮಲಗಿ, ತಮ್ಮ ಬಾಲ್ಯ, ಭಯ, ನಾಚಿಕೆ, ಹೊಟ್ಟೆಕಿಚ್ಚುಗಳನ್ನೆಲ್ಲ ಹಿರಿಯ ವಿಶ್ಲೇಷಕರೊಬ್ಬರ ಮುಂದೆ ವರ್ಷಗಟ್ಟಲೆ ಬಿಚ್ಚಿಡಬೇಕು. ಹಾಗೆ ಬಿಚ್ಚಿಟ್ಟದ್ದನ್ನೆಲ್ಲ ಕೇಳಿಸಿಕೊಂಡ ಆ ಹಿರಿಯರೇ ಮುಂದೊಂದು ದಿನ ಮಂಡಳಿಯಲ್ಲಿ ಕುಳಿತು, ಈ ಅಭ್ಯರ್ಥಿ ವೃತ್ತಿಗೆ ಯೋಗ್ಯನೋ ಅಲ್ಲವೋ ಎಂದು ಹೇಳುವ ಪದ್ಧತಿ ಬಹುಕಾಲ ನಡೆದು ಬಂತು. ಕೇಳುವ ಕಿವಿಯೂ ತೀರ್ಪು ಬರೆಯುವ ಕೈಯೂ ಒಂದೇ ಆದಾಗ, ಹೇಳುವ ಬಾಯಿ ಎಷ್ಟು ನಿಜವನ್ನು ಹೇಳೀತು? ಕಲಿಯುವವರಿಗೆ ತಮ್ಮದೇ ವೃತ್ತಿಯೊಳಗೆ ಒಂದು ಕುರ್ಚಿ ಬೇಕು ಎಂಬ ಬೇಡಿಕೆ ಹುಟ್ಟಿದ್ದು ಈ ಪ್ರಶ್ನೆಯಿಂದ.

ಆ ಪದ್ಧತಿಗೆ ಒಂದು ಜನ್ಮಸ್ಥಳವುಂಟು. 1920ರಲ್ಲಿ ಬರ್ಲಿನ್ನಿನಲ್ಲಿ ಮ್ಯಾಕ್ಸ್ ಐಟಿಂಗಾನ್ ಮೊದಲಾದವರು ಬಡವರಿಗೂ ಎಟುಕುವಂಥ ಮನೋವಿಶ್ಲೇಷಣಾ ಚಿಕಿತ್ಸಾಲಯವೊಂದನ್ನು ತೆರೆದರು. ಅದರ ಜೊತೆಯಲ್ಲೇ ಶಿಕ್ಷಣದ ಮೂರು ಕಂಬಗಳು ನಿಂತವು: ಅಭ್ಯರ್ಥಿಯ ಸ್ವಂತ ವಿಶ್ಲೇಷಣೆ, ತರಗತಿಯ ಪಾಠ, ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವ ಅಭ್ಯಾಸ. 1925ರಲ್ಲಿ ಬಾದ್ ಹೋಂಬುರ್ಗಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಶಿಕ್ಷಣಕ್ಕಾಗಿಯೇ ಒಂದು ಆಯೋಗವನ್ನು ರಚಿಸಿ, ಬರ್ಲಿನ್ನಿನ ಕ್ರಮವನ್ನು ಎಲ್ಲ ದೇಶಗಳಿಗೂ ಮಾದರಿಯಾಗಿಸಲು ಹೊರಟಿತು. ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಅರೆಬರೆ ಕಲಿತವರ ಕೈಗೆ ರೋಗಿಗಳು ಸಿಕ್ಕಿ ಹಾಳಾಗಬಾರದು ಎಂಬ ಕಾಳಜಿ ಅದರ ಹಿಂದಿತ್ತು. ಆದರೆ ಆಯೋಗದಲ್ಲಿ ಕುಳಿತವರೆಲ್ಲರೂ ಕಲಿಸುವವರು. ಕಲಿಯುವವರ ವಿಷಯವಾಗಿ ಎಲ್ಲವನ್ನೂ ಅಲ್ಲಿ ಮಾತನಾಡುತ್ತಿದ್ದರು. ಕಲಿಯುವವರು ಮಾತ್ರ ಅಲ್ಲಿರಲಿಲ್ಲ.

ಇದರ ಮೇಲಿನ ಮೊದಲ ಗಟ್ಟಿ ಟೀಕೆ ಬಂದದ್ದು ಹಿರಿಯರೊಳಗಿಂದಲೇ. ಲಂಡನ್ನಿನ ಮೈಕೇಲ್ ಬಾಲಿಂಟ್ 1948ರಲ್ಲಿ ಈ ಶಿಕ್ಷಣ ಪದ್ಧತಿಯ ಮೇಲೆ ಲೇಖನ ಬರೆದು, ಅದರಲ್ಲಿ ಗುರುಗಳ ಬಗ್ಗೆ ಅತಿಯಾದ ವಿಧೇಯತೆ ಬೆಳೆಯುತ್ತಿದೆಯೆಂದು ಎಚ್ಚರಿಸಿದರು. ಸೀಗ್‌ಫ್ರೀಡ್ ಬರ್ನ್‌ಫೆಲ್ಡ್ 1952ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಮಾಡಿದ ಉಪನ್ಯಾಸದಲ್ಲಿ ಇನ್ನೂ ಮುಂದೆ ಹೋಗಿ, ತರಬೇತಿ ವಿಶ್ಲೇಷಣೆಯ ಮೇಲೆ ಸಂಸ್ಥೆಯ ಅಧಿಕಾರ ಹಾಸಿಕೊಂಡಿರುವುದರಿಂದ ವಿಶ್ಲೇಷಣೆಯೇ ಕೆಡುತ್ತಿದೆ ಎಂದು ವಾದಿಸಿದರು. ಆ ಉಪನ್ಯಾಸ ಅಚ್ಚಾದದ್ದು 1962ರಲ್ಲಿ. ಅಷ್ಟರಲ್ಲಿ ಬರ್ನ್‌ಫೆಲ್ಡ್ ತೀರಿಕೊಂಡು ಸುಮಾರು ಒಂಬತ್ತು ವರ್ಷಗಳಾಗಿದ್ದವು. ಹಿರಿಯರ ಮಾತಿಗೇ ಹತ್ತು ವರ್ಷ ಕಾಯಬೇಕಾಗಿ ಬಂದರೆ ಕಿರಿಯರ ಮಾತಿನ ಗತಿಯನ್ನು ಊಹಿಸಬಹುದು.

ಕಿರಿಯರು ತಾವೇ ಬಾಯಿ ತೆರೆದದ್ದು 1960ರ ದಶಕದ ಕೊನೆಗೆ. ಯೂರೋಪಿನ ವಿಶ್ವವಿದ್ಯಾಲಯಗಳೆಲ್ಲ ವಿದ್ಯಾರ್ಥಿಗಳ ಚಳವಳಿಯಿಂದ ಕಾವೇರಿದ್ದ ಕಾಲ ಅದು. 1969ರಲ್ಲಿ ರೋಮಿನಲ್ಲಿ ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘದ ಸಮ್ಮೇಳನ ನಡೆದಾಗ, ಅಭ್ಯರ್ಥಿಗಳೂ ಅವರ ಮಾತಿಗೆ ಒಲಿದ ಕೆಲವು ವಿಶ್ಲೇಷಕರೂ ಸೇರಿ ಅದೇ ಊರಿನಲ್ಲಿ ಪ್ರತಿಸಮ್ಮೇಳನವನ್ನು ಕೂಡಿಸಿದರು. ಶಿಕ್ಷಣ ಹೇಗೆ ನಡೆಯಬೇಕು, ಅಧಿಕಾರ ಯಾರ ಕೈಯಲ್ಲಿರಬೇಕು, ವಿಶ್ಲೇಷಣೆಗೂ ಸಮಾಜಕ್ಕೂ ಏನು ಸಂಬಂಧ ಎಂಬುವೇ ಅಲ್ಲಿನ ಚರ್ಚೆ. ಎರಡು ವರ್ಷಗಳ ನಂತರ ಅರ್ಜೆಂಟೀನಾದಲ್ಲಿ ಅದೇ ಕಿಡಿ ಬೆಂಕಿಯಾಗಿ, ಮಾರೀ ಲಾಂಗರ್ ಅವರಂಥ ಸ್ಥಾಪಕ ಸದಸ್ಯೆಯೂ ಸೇರಿದಂತೆ ಒಂದು ಗುಂಪು ಅಲ್ಲಿನ ಸಂಘವನ್ನೇ ಬಿಟ್ಟು ಹೊರನಡೆಯಿತು. ಹೊರನಡೆಯುವುದು ಒಂದು ದಾರಿ. ಒಳಗಿದ್ದೇ ಸ್ಥಾನ ಕೇಳುವುದು ಇನ್ನೊಂದು. ಎರಡನೆಯ ದಾರಿ ಹಿಡಿದವರಿಂದ ಬೆಳೆದದ್ದು 'ಇಪ್ಸೋ' ಎಂದು ಕರೆಸಿಕೊಳ್ಳುವ ಅಭ್ಯರ್ಥಿಗಳ ಅಂತರರಾಷ್ಟ್ರೀಯ ಸಂಘಟನೆ. ಅದರ ಪದಾಧಿಕಾರಿಗಳನ್ನು ಅಭ್ಯರ್ಥಿಗಳೇ ಆರಿಸುತ್ತಾರೆ. ಮಾತೃಸಂಘದ ಸಮ್ಮೇಳನದ ಸಮಯದಲ್ಲಿ ಅದು ತನ್ನದೇ ಗೋಷ್ಠಿಗಳನ್ನು ನಡೆಸುತ್ತದೆ. ಒಂದು ದೇಶದ ಅಭ್ಯರ್ಥಿ ಇನ್ನೊಂದು ದೇಶದ ಸಂಸ್ಥೆಗೆ ಅತಿಥಿಯಾಗಿ ಹೋಗಿ ಕಲಿತು ಬರುವ ಏರ್ಪಾಟನ್ನೂ ಮಾಡುತ್ತದೆ. ತರಬೇತಿ ವಿಶ್ಲೇಷಕರು ಅಭ್ಯರ್ಥಿಯ ಬಗ್ಗೆ ಸಂಸ್ಥೆಗೆ ವರದಿ ಕೊಡುವ ಪದ್ಧತಿಯನ್ನು ಅನೇಕ ಸಂಸ್ಥೆಗಳು ಕಾಲಕ್ರಮದಲ್ಲಿ ಕೈಬಿಟ್ಟವು. 1996ರ ಹೊತ್ತಿಗೆ ಆಟೋ ಕರ್ನ್‌ಬರ್ಗ್ ಅವರಂಥ ದೊಡ್ಡ ವಿಶ್ಲೇಷಕರೇ, ಅಭ್ಯರ್ಥಿಗಳ ಸೃಜನಶೀಲತೆಯನ್ನು ನಾಶಮಾಡುವ 30 ವಿಧಾನಗಳೆಂದು ವ್ಯಂಗ್ಯಲೇಖನ ಬರೆಯುವಷ್ಟು ಗಾಳಿ ಬದಲಾಗಿತ್ತು.

ಈ ಕಥೆಗೆ ನಮ್ಮ ದೇಶದ ಒಂದು ಪೀಠಿಕೆಯೂ ಇದೆ. 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದ ಗಿರೀಂದ್ರಶೇಖರ ಬೋಸರು ಯಾರ ಮಂಚದ ಮೇಲೂ ಮಲಗಿದವರಲ್ಲ. ಫ್ರಾಯ್ಡನ ಬರಹಗಳನ್ನು ಓದಿ, ತಮ್ಮನ್ನು ತಾವೇ ಶೋಧಿಸಿಕೊಂಡು, ರೋಗಿಗಳಿಂದ ಕಲಿತು ವಿಶ್ಲೇಷಕರಾದವರು. ಫ್ರಾಯ್ಡನಿಗೆ ಪತ್ರ ಬರೆದರು. ಒಪ್ಪದ ಕಡೆ ಒಪ್ಪುವುದಿಲ್ಲವೆಂದೂ ಬರೆದರು. ಭಾರತದ ಮೊದಲ ವಿಶ್ಲೇಷಕ ಯಾರ ಅಭ್ಯರ್ಥಿಯೂ ಆಗಿರಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ಕನ್ನಡದ ನೆಲಕ್ಕೂ ಈ ವಿದ್ಯೆಯ ಬೀಜಗಳು ಬೇಗನೆ ಬಿದ್ದಿದ್ದವು. 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಬೆಳೆಸಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಬಿತ್ತರಿಸಿದವರು. ಮೈಸೂರಿನಲ್ಲಿ ಮನಃಶಾಸ್ತ್ರ ಓದಿದ ತ್ರಿವೇಣಿಯವರು ಅದನ್ನು ಕಾದಂಬರಿಯಾಗಿಸಿ ಮನೆಮನೆಗೆ ಮುಟ್ಟಿಸಿದರು. 'ಕೊರವಂಜಿ'ಯ ನಗೆಯ ಹಿಂದಿದ್ದ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರು, 'ಮನಮಂಥನ' ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ಮನಸ್ಸಿನ ಮಾತನ್ನು ಕನ್ನಡದಲ್ಲಿ ಆಡಬಹುದೆಂಬುದಕ್ಕೆ ಸಾಕ್ಷಿ ಬೇಕಾದಷ್ಟಿತ್ತು.

ಇಷ್ಟೆಲ್ಲವನ್ನೂ ಹಿಂದೂಪುರದ ಒಬ್ಬ ಹುಡುಗಿ ಓದಿ ತಿಳಿದದ್ದು ಒಂದು ಕಷ್ಟದ ಕಾಲದಲ್ಲಿ. ಅವಳ ತಂದೆ ಅಲ್ಲಿನ ಹುಣಿಸೆಹಣ್ಣಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು. ತಾಯಿಯ ತವರು ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು. ಈ ಸೀಮೆಯಲ್ಲಿ ಇದೇನೂ ವಿಶೇಷವಲ್ಲ. 1882ರವರೆಗೆ ಅನಂತಪುರವು ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ಅನಂತಪುರ ಇತ್ತ ಉಳಿಯಿತು. 2022ರಲ್ಲಿ ಮತ್ತೊಮ್ಮೆ ಗೆರೆ ಎಳೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ನಿಂತಿತು. ಅವಳ ತಂದೆಯ ಊರೂ ತಾಯಿಯ ಊರೂ ಬೇರೆ ಬೇರೆ ಜಿಲ್ಲೆಗಳಾದವು. ಗೆರೆಗಳು ಬದಲಾದಾಗಲೆಲ್ಲ ಜನರು ಕಚೇರಿಯ ಭಾಷೆಯನ್ನು ಕಲಿತರು, ಅಳುವ ಭಾಷೆಯನ್ನು ಬಿಡಲಿಲ್ಲ.

ಹಿಂದೂಪುರದಂಥ ಊರಿನಿಂದ ಮನೋವಿಶ್ಲೇಷಣೆಯ ಅಭ್ಯರ್ಥಿಯಾಗುವುದು ಹೆಚ್ಚುಕಡಿಮೆ ಆಗದ ಮಾತು. ಅದಕ್ಕೆ ಕೋಲ್ಕತ್ತಾ, ಮುಂಬೈ, ದೆಹಲಿಗಳಂಥ ನಗರಗಳಲ್ಲಿ ವರ್ಷಗಟ್ಟಲೆ ನೆಲೆಸುವ ಶಕ್ತಿ ಬೇಕು. ಅವಳ ಕೈಗೆ ಎಟುಕಿದ್ದು ಅದಕ್ಕೆ ಹತ್ತಿರದ ವಿದ್ಯೆ, ಕ್ಲಿನಿಕಲ್ ಸೈಕಾಲಜಿಯ ಎರಡು ವರ್ಷದ ಎಂ.ಫಿಲ್. 1992ರ ಕಾಯಿದೆಯಿಂದ ಬಂದ ಭಾರತೀಯ ಪುನರ್ವಸತಿ ಪರಿಷತ್ತು ಈ ವೃತ್ತಿಯವರ ಹೆಸರನ್ನು ತನ್ನ ದಾಖಲೆಗೆ ಏರಿಸಿಕೊಳ್ಳುತ್ತದೆ. ಆದರೆ ಹೆಸರು ಏರುವುದು ಕಲಿತು ಮುಗಿಸಿದ ಮೇಲೆ. ಅಲ್ಲಿಯವರೆಗೆ ರೋಗಿಯ ಮುಂದೆ ಕುಳಿತು ಕೇಳುವವರು, ಪರೀಕ್ಷೆಗಳನ್ನು ಮಾಡುವವರು, ವರದಿ ಬರೆಯುವವರು ತರಬೇತಿಯವರೇ ಆದರೂ ವೃತ್ತಿಯ ಲೆಕ್ಕದಲ್ಲಿ ಅವರಿನ್ನೂ ಇಲ್ಲದವರು. ದುಡಿಮೆಯುಂಟು, ಸದಸ್ಯತ್ವವಿಲ್ಲ. ಬರ್ಲಿನ್ನಿನ ಅಭ್ಯರ್ಥಿಗೂ ಹಿಂದೂಪುರದ ಈ ಹುಡುಗಿಗೂ ನಡುವೆ ಸಮುದ್ರಗಳಿದ್ದರೂ, ಇಬ್ಬರೂ ನಿಂತಿದ್ದ ಹೊಸ್ತಿಲು ಒಂದೇ.

ಅವಳು ಕನ್ನಡನಾಡಿನ ಒಂದು ನಗರದ ಸಂಸ್ಥೆಯಲ್ಲಿ ಕಲಿಯುತ್ತಿದ್ದಾಗ ಕಲ್ಯಾಣದುರ್ಗದ ಕಡೆಯಿಂದ ಒಬ್ಬ ಹೆಂಗಸು ಚಿಕಿತ್ಸೆಗೆ ಬಂದಳು. ಕಡಲೆಕಾಯಿ ಬೆಳೆಯುವ ಮನೆಯವಳು. ತಿಂಗಳುಗಳಿಂದ ನಿದ್ದೆಯಿಲ್ಲ, ಊಟ ಸೇರದು, ಕೆಲಸಕ್ಕೆ ಕೈ ಏಳದು. ಮೊದಲ ಎರಡು ಭೇಟಿಗಳಲ್ಲಿ ಆಕೆ ಮಾತನಾಡಿದ್ದು ತೆಲುಗಿನಲ್ಲಿ: ಮಳೆ ಬರಲಿಲ್ಲ, ಕೊಳವೆಬಾವಿ ಬತ್ತಿತು, ಬ್ಯಾಂಕಿನ ಸಾಲ ಬೆಳೆಯಿತು. ಹೇಳುವುದೆಲ್ಲ ಅರ್ಜಿಯಂತೆ ಒಪ್ಪವಾಗಿತ್ತು. ಮೂರನೆಯ ಭೇಟಿಯಲ್ಲಿ ಹುಡುಗಿ ತನ್ನ ಅಜ್ಜಿಯ ಊರಿನ ಹೆಸರು ಹೇಳಿದಳು. ಆ ಹೆಂಗಸು ಒಂದು ಗಳಿಗೆ ಸುಮ್ಮನಿದ್ದು, ಕನ್ನಡಕ್ಕೆ ಹೊರಳಿದಳು. "ನೀನು ನಮ್ಮ ಕಡೇಳಾ ತಾಯಿ? ಎದೆ ಮೇಲೆ ರಾಗಿಕಲ್ಲು ಮಡಗಿದಂಗೆ ಆಗ್ತದಮ್ಮಾ, ತಿರುವೋರು ಯಾರೂ ಇಲ್ಲ" ಎಂದಳು. ಆ ಮೇಲೆ ಬಂದದ್ದು ನಾಲ್ಕು ವರ್ಷದ ಹಿಂದೆ ತೀರಿಕೊಂಡ ಮಗಳ ಮಾತು. ತೆಲುಗಿನಲ್ಲಿ ಆ ಮಗಳ ಸುದ್ದಿಯೇ ಬಂದಿರಲಿಲ್ಲ. ಸಾಲದ ಕಥೆಗೆ ಕಚೇರಿಯ ಭಾಷೆ, ಮಗಳ ಕಥೆಗೆ ಮನೆಯ ಭಾಷೆ. ಮಗಳಿದ್ದಾಗ ರಾಗಿಕಲ್ಲನ್ನು ತಾಯಿ ಮಗಳಿಬ್ಬರೂ ಎದುರುಬದುರು ಕುಳಿತು ತಿರುವುತ್ತಿದ್ದರಂತೆ.

ಹುಡುಗಿ ವರದಿಯಲ್ಲಿ ಆ ಮಾತುಗಳನ್ನು ಆಕೆ ಆಡಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದು, ಭಾಷೆ ಹೊರಳಿದ ಜಾಗವನ್ನು ಗುರುತಿಸಿ, ಕೆಳಗೆ ಇಂಗ್ಲಿಷಿನ ಅರ್ಥ ಕೊಟ್ಟಳು. ಮೇಲ್ವಿಚಾರಕರು ಆ ಸಾಲುಗಳನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ಖಿನ್ನತೆಗೆ ಸಲ್ಲುವ ಇಂಗ್ಲಿಷಿನ ಎರಡು ಪದಗಳನ್ನು ಬರೆದರು. ವರದಿ ಎಲ್ಲರಿಗೂ ತಿಳಿಯುವ ಒಂದು ಭಾಷೆಯಲ್ಲಿರಬೇಕೆಂಬ ಅವರ ಮಾತಿನಲ್ಲಿ ತಥ್ಯವಿಲ್ಲದೆ ಇರಲಿಲ್ಲ. ಆ ರೋಗಿ ನಾಳೆ ಬೇರೊಬ್ಬರ ಬಳಿಗೆ ಹೋದರೆ ಅವರಿಗೂ ಓದಲು ಬರಬೇಕಷ್ಟೆ. ಆದರೆ ರಾಗಿಕಲ್ಲು ಹೋದರೆ ಅದರ ಎದುರಿಗೆ ಕುಳಿತಿದ್ದ ಮಗಳೂ ಹೋಗುತ್ತಾಳೆ ಎಂಬುದನ್ನು ಹುಡುಗಿ ಯಾರಿಗೆ ಹೇಳಬೇಕು? ಅಂಕ ಕೊಡುವವರು ಅವರೇ, ದೂರು ಕೇಳಬೇಕಾದವರೂ ಅವರೇ, ಮುಂದೆ ಕೆಲಸಕ್ಕೆ ಶಿಫಾರಸು ಬರೆಯಬೇಕಾದವರೂ ಅವರೇ. ತರಬೇತಿಯ ನಿಯಮಗಳನ್ನು ಮಾಡುವ ಸಮಿತಿಯೊಂದಿತ್ತು. ಅದರಲ್ಲಿ ತರಬೇತಿಯವರು ಯಾರೂ ಇರಲಿಲ್ಲ.

ಆ ದಿನಗಳಲ್ಲಿ ಅವಳು ಗ್ರಂಥಾಲಯದಲ್ಲಿ ಬಾಲಿಂಟ್, ಬರ್ನ್‌ಫೆಲ್ಡರನ್ನು ಓದಿದಳು; ರೋಮಿನ ಪ್ರತಿಸಮ್ಮೇಳನದ ಕಥೆ ಓದಿದಳು. ತನ್ನ ಸಂಕಟಕ್ಕೆ ಅಷ್ಟು ಹಳೆಯ ವಂಶಾವಳಿ ಇದೆಯೆಂದು ತಿಳಿದದ್ದೇ ಅರ್ಧ ಸಮಾಧಾನವಾಯಿತು. ಒಬ್ಬಳ ಅಳಲಾಗಿ ಹೇಳಿದರೆ ಅದು ಅಂಕ ಕಡಿಮೆ ಬಂದವಳ ಗೊಣಗಾಟವಾಗುತ್ತದೆ, ಎಲ್ಲರೂ ಸೇರಿ ಹೇಳಿದರೆ ಅದು ಪದ್ಧತಿಯ ಪ್ರಶ್ನೆಯಾಗುತ್ತದೆ ಎಂಬುದು ಆ ಓದಿನಿಂದ ಅವಳಿಗೆ ಸ್ಪಷ್ಟವಾಯಿತು. ಹಾಸ್ಟೆಲಿನ ಊಟದ ಕೋಣೆಯಲ್ಲಿ ಎರಡೂ ವರ್ಷದ ತರಬೇತಿಯವರು ಸೇರಿದರು. ಮಲಯಾಳದವರು, ತಮಿಳಿನವರು, ಈಶಾನ್ಯದ ಒಬ್ಬ ಹುಡುಗ. ಪ್ರತಿಯೊಬ್ಬರ ಬಳಿಯೂ ಕೆಂಪು ಶಾಯಿಗೆ ಹೋದ ಒಂದೊಂದು ಮಾತಿತ್ತು. ಮೂರು ರಾತ್ರಿ ಕುಳಿತು ಒಂದು ಪತ್ರ ಬರೆದರು. ಅದರಲ್ಲಿ ಯಾರ ಮೇಲೂ ದೂರಿರಲಿಲ್ಲ, ಮೂರು ಕೋರಿಕೆಗಳಿದ್ದವು. ರೋಗಿಯ ಮುಖ್ಯ ಮಾತುಗಳನ್ನು ಆತ ಆಡಿದ ಭಾಷೆಯಲ್ಲೇ ದಾಖಲಿಸಿ ಜೊತೆಗೆ ಅನುವಾದ ಕೊಡಲು ಅವಕಾಶ ಬೇಕು. ಮೇಲ್ವಿಚಾರಣೆಯ ತೊಂದರೆಗಳನ್ನು ಕೇಳುವವರು ಅಂಕ ಕೊಡುವವರಲ್ಲದ ಬೇರೊಬ್ಬರಾಗಿರಬೇಕು. ತರಬೇತಿ ಸಮಿತಿಯಲ್ಲಿ ವರ್ಷಕ್ಕೊಬ್ಬರಂತೆ, ತರಬೇತಿಯವರೇ ಆರಿಸಿದ ಇಬ್ಬರು ಇರಬೇಕು.

ರಜೆಗೆ ಬಂದಾಗ ಅವಳು ಕಲ್ಯಾಣದುರ್ಗದ ಕಡೆಯ ಅಜ್ಜಿಗೆ ಇದನ್ನೆಲ್ಲ ಹೇಳಿದಳು. ಅಜ್ಜಿ ಸಹಿ ಮಾಡಲು ಕಲಿತದ್ದೇ ಹೆಂಗಸರ ಸಂಘಕ್ಕೆ ಸೇರಿದ ಮೇಲೆ. "ಸಂಘದಾಗೆ ಮೊದಮೊದಲು ನಾವು ಬರೀ ಹೆಬ್ಬೆಟ್ಟು ಒತ್ತಾಕೆ ಹೋಗ್ತಿದ್ವಿ ಕಣವ್ವಾ. ಲೆಕ್ಕ ಓದಿ ಹೇಳ್ರಿ ಅಂತ ಒಬ್ಬಳು ಕೇಳಿದ್ಮ್ಯಾಲೆ ಎಲ್ಲಾ ಸರಿಹೋಯ್ತು" ಎಂದಷ್ಟೇ ಹೇಳಿ, ಮೊಮ್ಮಗಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಸಮಿತಿಯ ಸಭೆಯಲ್ಲಿ ಹಿರಿಯರು ಎತ್ತಿದ ಆಕ್ಷೇಪಗಳು ತಳ್ಳಿಹಾಕುವಂಥವಲ್ಲ. ಎರಡು ವರ್ಷದಲ್ಲಿ ಹೊರಟುಹೋಗುವವರು ಇಪ್ಪತ್ತು ವರ್ಷ ಉಳಿಯಬೇಕಾದ ನಿಯಮಗಳನ್ನು ಹೇಗೆ ಮಾಡುವುದು? ಕಲಿಕೆ ಮುಗಿಯದವರು ಕಲಿಕೆಯ ಅಳತೆಗೋಲನ್ನು ನಿರ್ಣಯಿಸಬಹುದೇ? ತಪ್ಪು ಮಾಡಿದ ವಿದ್ಯಾರ್ಥಿಯನ್ನು ತಡೆಯುವ ಅಧಿಕಾರ ಸಡಿಲವಾದರೆ ನಷ್ಟ ಯಾರಿಗೆ? ರೋಗಿಗಲ್ಲವೇ? ತರಬೇತಿಯವರು ಇದಕ್ಕೆ ಕೊಟ್ಟ ಉತ್ತರ ಸರಳವಾಗಿತ್ತು. ಯಾರು ಉತ್ತೀರ್ಣರಾಗಬೇಕೆಂದು ಹೇಳುವ ಹಕ್ಕನ್ನು ತಾವು ಕೇಳುತ್ತಿಲ್ಲ. ಆ ತೀರ್ಮಾನ ನಡೆಯುವಾಗ ತಮ್ಮ ಪ್ರತಿನಿಧಿಗಳು ಎದ್ದು ಹೊರಗೆ ಹೋಗುತ್ತಾರೆ. ತಾವು ಎರಡು ವರ್ಷದಲ್ಲಿ ಹೋದರೂ ತಮ್ಮ ಜಾಗಕ್ಕೆ ಬರುವವರು ಇದ್ದೇ ಇರುತ್ತಾರೆ, ಕುರ್ಚಿ ಹೋಗುವುದಿಲ್ಲ. ರೋಗಿಯ ಹಿತದ ಮಾತು ಬಂದಾಗ, ವಾರದಲ್ಲಿ ಹೆಚ್ಚು ಹೊತ್ತು ರೋಗಿಯ ಎದುರು ಕುಳಿತಿರುವವರು ತಾವೇ ಎಂಬುದನ್ನು ಹಿರಿಯರು ನೆನೆಯಬೇಕು. ಆ ಸಭೆಯಲ್ಲಿದ್ದ ವಯಸ್ಸಾದ ಪ್ರಾಧ್ಯಾಪಕರೊಬ್ಬರು ಬಳ್ಳಾರಿಯ ಮಾತು ತೆಗೆದರು. 1985ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗದ ತಿಳಿವಳಿಕೆ ಕೊಟ್ಟು ಹಳ್ಳಿಗಳಲ್ಲೇ ಚಿಕಿತ್ಸೆ ನಡೆಸಿದರು. 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು ಆ ಅನುಭವದ ಮೇಲೆ. ಅಷ್ಟು ಕಲಿತವರನ್ನು ನಂಬಿ ಹಳ್ಳಿಯನ್ನೇ ಒಪ್ಪಿಸಿದೆವು, ಇವರನ್ನು ನಂಬಿ ಒಂದು ಕುರ್ಚಿ ಒಪ್ಪಿಸಲಾರೆವೇ ಎಂದು ಅವರು ಕೇಳಿದರು.

ಫಲ ಅರ್ಧ ಸಿಕ್ಕಿತು. ರೋಗಿಯ ಮಾತನ್ನು ಮೂಲಭಾಷೆಯಲ್ಲಿ ಬರೆಯಲು ಒಪ್ಪಿಗೆಯಾಯಿತು. ಇಬ್ಬರು ಪ್ರತಿನಿಧಿಗಳು ಸಮಿತಿಗೆ ಬಂದರು, ಮಾತನಾಡಬಹುದು, ಮತವಿಲ್ಲ. ದೂರು ಕೇಳಲು ಬೇರೊಬ್ಬರನ್ನು ನೇಮಿಸುವ ಕೋರಿಕೆ ಪರಿಶೀಲನೆಯಲ್ಲೇ ಉಳಿಯಿತು. ಹುಡುಗಿ ಆ ಇಬ್ಬರಲ್ಲಿ ಒಬ್ಬಳಾಗಿರಲಿಲ್ಲ. ಅವಳ ಗೆಳತಿಯೊಬ್ಬಳು ಆಯ್ಕೆಯಾದಳು, ಮತ್ತು ಮೊದಲ ಸಭೆಯಿಂದ ಬಂದು, ಮೂರು ಗಂಟೆ ಕುಳಿತು ತಾನು ಆಡಿದ್ದು ಎರಡೇ ವಾಕ್ಯವೆಂದು ನಕ್ಕಳು. ಆ ಎರಡು ವಾಕ್ಯಗಳು ಸಭೆಯ ನಡಾವಳಿಯಲ್ಲಿ ದಾಖಲಾಗಿದ್ದವು. ಮುಂದಿನ ವರ್ಷದವರು ಅಲ್ಲಿಂದ ಮುಂದಕ್ಕೆ ಮಾತನಾಡಬಹುದು.

ಪ್ರಾತಿನಿಧ್ಯವೆಂಬುದರ ರುಚಿ ಗಡಿಯ ಕನ್ನಡಿಗರಿಗೆ ಹೊಸದಲ್ಲ. 1956ರಲ್ಲಿ ಸಂವಿಧಾನಕ್ಕೆ ಏಳನೆಯ ತಿದ್ದುಪಡಿ ಬಂದಾಗ 350ಎ, 350ಬಿ ವಿಧಿಗಳು ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠಕ್ಕೆ ಅನುಕೂಲ ಮಾಡಿಕೊಡಲು ರಾಜ್ಯಗಳು ಶ್ರಮಿಸಬೇಕು ಎಂದಿತು ಒಂದು. ಅವರ ರಕ್ಷಣೆಗಳನ್ನು ವಿಚಾರಿಸಲು ವಿಶೇಷ ಅಧಿಕಾರಿ ಇರಬೇಕು ಎಂದಿತು ಇನ್ನೊಂದು. ಕಾಗದದ ಮೇಲಿನ ಆ ಎರಡು ವಿಧಿಗಳು ಒಂದು ಹಳ್ಳಿಯ ಶಾಲೆಗೆ ಕನ್ನಡ ಮೇಷ್ಟರಾಗಿ ತಲುಪಬೇಕಾದರೆ ಎಷ್ಟು ಅರ್ಜಿ, ಎಷ್ಟು ಅಲೆದಾಟ ಬೇಕೆಂಬುದನ್ನು ಗಡಿಯ ಪೋಷಕರನ್ನು ಕೇಳಿದರೆ ತಿಳಿಯುತ್ತದೆ. ಕುರ್ಚಿ ಸಿಕ್ಕ ದಿನವೇ ನ್ಯಾಯ ಸಿಗುವುದಿಲ್ಲ. ಆದರೆ ಕುರ್ಚಿಯಿಲ್ಲದವರು ತಮಗೆ ಆದದ್ದು ಅನ್ಯಾಯವೆಂದು ಹೇಳುವುದಕ್ಕೂ ಬಾಗಿಲಲ್ಲಿ ಕಾಯಬೇಕು.

ಕೆಂಪು ಶಾಯಿ ಎಳೆದ ಮೇಲ್ವಿಚಾರಕರ ವಿಷಯದಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ನಿಯಮ ಬದಲಾದ ಕೆಲವು ತಿಂಗಳಿಗೆ ಅವರು ಹುಡುಗಿಯನ್ನು ಕರೆದು, ತಾವು ತರಬೇತಿಯಲ್ಲಿದ್ದಾಗ ತಮ್ಮ ವರದಿಗಳಿಂದಲೂ ತಾಯ್ನುಡಿಯ ಮಾತುಗಳನ್ನು ಹೀಗೆಯೇ ಹೊಡೆದುಹಾಕಲಾಗಿತ್ತು ಎಂದರು. ಹಾಗೆ ಹೊಡೆಯುವುದೇ ಶಾಸ್ತ್ರವೆಂದು ನಂಬಿ ಮೂವತ್ತು ವರ್ಷ ಕಳೆದಿದ್ದವು. ತಾನು ಪಟ್ಟ ಪಾಡನ್ನೇ ಪಾಠವೆಂದು ಮುಂದಿನವರಿಗೆ ಕೊಡುವುದು ಮನುಷ್ಯಸ್ವಭಾವ. ಸೊಸೆಯಾಗಿ ಬೆಂದವಳು ಅತ್ತೆಯಾಗಿ ಬೇಯಿಸುವುದನ್ನು ನಮ್ಮ ಮನೆಗಳೂ ಕಂಡಿವೆ.

ಈಗ ಅವಳು ಕಲಿತು ಮುಗಿಸಿ ವೃತ್ತಿಯ ದಾಖಲೆಗೆ ಹೆಸರು ಏರಿಸಿ, ವಾರದ ನಾಲ್ಕು ದಿನ ಹಿಂದೂಪುರದಲ್ಲಿ, ಒಂದು ದಿನ ಕಲ್ಯಾಣದುರ್ಗದಲ್ಲಿ ರೋಗಿಗಳನ್ನು ನೋಡುತ್ತಾಳೆ. ಮೇಜಿನ ಮೇಲಿನ ನೋಟ್‌ಪುಸ್ತಕದಲ್ಲಿ ಎರಡು ಲಿಪಿಗಳು ಅಕ್ಕಪಕ್ಕ ಸಾಗುತ್ತವೆ. ಇತ್ತೀಚೆಗೆ ಮನಃಶಾಸ್ತ್ರ ಓದುತ್ತಿರುವ ಒಬ್ಬ ಹುಡುಗ ಅವಳ ಬಳಿ ಕೆಲಸ ಕಲಿಯಲು ಬರುತ್ತಾನೆ. ಪ್ರತಿ ತಿಂಗಳ ಕೊನೆಗೆ ಅವನ ಕೆಲಸದ ಬಗ್ಗೆ ಅವಳು ಒಂದು ಪುಟ ಬರೆದು ಕೊಡುತ್ತಾಳೆ. ತನ್ನ ಬಗ್ಗೆ ಒಂದು ಪುಟ ಬರೆದುಕೊಡುವಂತೆ ಅವನಿಗೂ ಹೇಳಿದ್ದಾಳೆ. ಮೊದಲ ತಿಂಗಳು ಅವನು ಬರೆದದ್ದೆಲ್ಲ ಹೊಗಳಿಕೆ. ಅದನ್ನು ಅವಳು ಹಿಂದಕ್ಕೆ ಕೊಟ್ಟಳು. ಎರಡನೆಯ ತಿಂಗಳಿನ ಪುಟದಲ್ಲಿ ಒಂದೇ ಸಾಲಿತ್ತು: ತೆಲುಗಿನಲ್ಲಿ ಮಾತನಾಡುವ ರೋಗಿಗಳನ್ನು ಅಕ್ಕ ಕನ್ನಡದವರಷ್ಟು ಹೊತ್ತು ಕೇಳಿಸಿಕೊಳ್ಳುವುದಿಲ್ಲ. ಅವಳು ಅದನ್ನು ಎರಡು ಸಲ ಓದಿ, ಕೆಳಗೆ ತಾರೀಖು ಹಾಕಿ, ತನ್ನ ಕಡತದಲ್ಲಿ ಸೇರಿಸಿಕೊಂಡಳು.